ಮಹಾಭಿಯೋಗ, ಮಸೂದೆ: ಭಾರತದ ಸದನಗಳೋ, ಅಮೆರಿಕದ ಸದನಗಳೋ?

ಚರ್ಚಾಸ್ಪರ್ಧೆಯಲ್ಲಿ ಯಾವ ದ್ವಿಸದನ ಮಾದರಿಯ ಪರ ನಿಲ್ಲಬೇಕೆಂದು ಯೋಚಿಸುತ್ತಿರುವವರು ಮೊದಲು ಮಹಾಭಿಯೋಗದ, ಅಂದರೆ ಉನ್ನತ ಪದಾಧಿಕಾರಿಯ ಮೇಲೆ ಆರೋಪ ಹೊರಿಸಿ ಪದಚ್ಯುತಗೊಳಿಸುವ ವಿಧಾನವನ್ನು ಗಮನಿಸಬೇಕು. ಅಮೆರಿಕದಲ್ಲಿ ಪಾತ್ರಗಳು ನಿಗದಿಯಾಗಿವೆ: ಪ್ರತಿನಿಧಿ ಸಭೆ ಸರಳ ಬಹುಮತದಿಂದ ದೋಷಾರೋಪ ಹೊರಿಸುತ್ತದೆ, ಸೆನೆಟ್ ವಿಚಾರಣೆ ನಡೆಸಿ, ಹಾಜರಿದ್ದವರಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಿದರೆ ಮಾತ್ರ ಪದಚ್ಯುತಗೊಳಿಸುತ್ತದೆ. 1868ರಲ್ಲಿ ಅಧ್ಯಕ್ಷ ಆ್ಯಂಡ್ರೂ ಜಾನ್ಸನ್ ಅವರ ವಿರುದ್ಧ 35, ಪರವಾಗಿ 19 ಮತಗಳು ಬಿದ್ದವು. ಪದಚ್ಯುತಿಗೆ 36 ಮತಗಳು ಬೇಕಿದ್ದರಿಂದ ಒಂದೇ ಮತದ ಅಂತರದಲ್ಲಿ ಅವರ ಪದವಿ ಉಳಿಯಿತು.

ಭಾರತದಲ್ಲಿ, ಸಂವಿಧಾನದ 61ನೇ ವಿಧಿಯಂತೆ, ರಾಷ್ಟ್ರಪತಿಯ ಮೇಲೆ ಯಾವ ಸದನ ಬೇಕಾದರೂ ಆರೋಪ ಹೊರಿಸಬಹುದು, ಇನ್ನೊಂದು ಸದನ ಅದನ್ನು ತನಿಖೆ ಮಾಡಬೇಕು. ಆದರೆ ಎರಡರಲ್ಲೂ ಒಟ್ಟು ಸದಸ್ಯಬಲದ ಮೂರನೇ ಎರಡರಷ್ಟು ಬೆಂಬಲ ಬೇಕಾಗಿರುವುದರಿಂದ ಸದಸ್ಯರ ಗೈರುಹಾಜರಿಯೂ ಆರೋಪಿತರಿಗೇ ಅನುಕೂಲ. ಈ ವಿಧಿ ಇದುವರೆಗೆ ಪ್ರಯೋಗವಾಗಿಲ್ಲ ಎಂಬುದೂ ನೆನಪಿರಲಿ.

ಶಾಸನರಚನೆಯಲ್ಲಿ ಮಾತ್ರ ಭಾರತದ ಎರಡು ಸದನಗಳ ಈ ಸಮಾನತೆ ಉಳಿಯುವುದಿಲ್ಲ. ಸೆನೆಟ್ ತೆರಿಗೆ ಮಸೂದೆಯನ್ನು ತಾನಾಗಿ ಮಂಡಿಸಲಾರದಾದರೂ ಅದನ್ನು ತಿದ್ದಬಲ್ಲದು, ತಡೆಯಲೂಬಲ್ಲದು. ರಾಜ್ಯಸಭೆಯಾದರೋ ಧನ ವಿಧೇಯಕವನ್ನು (ತೆರಿಗೆ, ಸರ್ಕಾರಿ ವೆಚ್ಚದಂಥ ಹಣಕಾಸು ವಿಷಯಗಳ ಮಸೂದೆಯನ್ನು) 14 ದಿನಗಳೊಳಗೆ ಹಿಂದಿರುಗಿಸಲೇಬೇಕು, ಅದರ ಶಿಫಾರಸುಗಳನ್ನು ಲೋಕಸಭೆ ಒಪ್ಪಬೇಕೆಂದೇನೂ ಇಲ್ಲ. ಸಾಮಾನ್ಯ ಮಸೂದೆಯ ಬಿಕ್ಕಟ್ಟಿಗೆ ಎರಡೂ ಸದನಗಳು ಒಟ್ಟಿಗೆ ಕೂತು ಮತ ಹಾಕುವ ಜಂಟಿ ಅಧಿವೇಶನವಿದೆ. 2002ರಲ್ಲಿ ಭಯೋತ್ಪಾದನೆ ತಡೆಯುವ ಪೋಟಾ ಕಾಯ್ದೆ ಅಂಗೀಕಾರವಾದದ್ದು ಹಾಗೆಯೇ. ಮೇಲ್ಮನೆಗೆ ನಿಜವಾದ ತಡೆಶಕ್ತಿ ಇರಬೇಕೆನ್ನುವವರಿಗೆ ಅಮೆರಿಕದ ಮಾದರಿಯೇ ಗಟ್ಟಿ. ಸರ್ಕಾರದ ಬಜೆಟ್ ಸಿಕ್ಕಿಬೀಳಬಾರದೆನ್ನುವವರು ಭಾರತದ್ದನ್ನೇ ಆರಿಸಿಕೊಳ್ಳಲಿ.