ಹೇರ್ ಟ್ರಾನ್ಸ್‌ಪ್ಲಾಂಟ್ ಆದ್ಮೇಲೂ ಮತ್ತೆ ಕೂದಲು ಉದುರಿದಾಗ: ಮಿನಾಕ್ಸಿಡಿಲ್, ಫಿನಾಸ್ಟರೈಡ್ ವರ್ಷಗಟ್ಟಲೆ ಬಳಸಿದ ಅನುಭವ

ಟ್ರಾನ್ಸ್‌ಪ್ಲಾಂಟ್ ಮಾಡಿಸ್ಕೊಂಡು ಕೆಲವು ವರ್ಷ ಚೆನ್ನಾಗಿದ್ದು, ಆಮೇಲೆ ಮತ್ತೆ ಬಾಚಣಿಗೆ ತುಂಬ ಕೂದಲು ಬರೋಕೆ ಶುರುವಾಗಿದ್ಯಲ್ಲ, ಅಂಥವ್ರಿಗೆ ಇದನ್ನ ಬರೀತಿದೀನಿ. ಮೊದಲನೇ ಸಲ ಕೂದಲು ಹೋದಾಗಿಂತ ಎರಡನೇ ಸಲ ಹೋಗೋವಾಗ ಜಾಸ್ತಿ ಸಂಕಟ ಆಗತ್ತೆ. ಸೊಸೈಟಿ ಸಾಲ ಮಾಡಿ ದುಡ್ಡು ಹಾಕಿರ್ತೀವಿ, ಮನೇಲಿ ಎಲ್ಲರನ್ನೂ ಒಪ್ಪಿಸಿರ್ತೀವಿ, ಇನ್ನು ಈ ಚಿಂತೆ ಮುಗೀತು ಅಂತ ನಂಬಿರ್ತೀವಿ, ಆ ನಂಬಿಕೆ ಹೋಗೋದೇ ದೊಡ್ಡ ನೋವು. ಸರ್ಜರಿ ಮಾಡಿದ ಕ್ಲಿನಿಕ್ ಹೆಸರು ಹೇಳಲ್ಲ, ಬೆಂಗಳೂರಿನದು ಅಷ್ಟೇ. ಇಲ್ಲಿ ರಿವ್ಯೂ ಮಾಡ್ತಿರೋದು ಆಮೇಲೆ ನಾನು ಬಳಸಿದ, ಈಗಲೂ ಬಳಸ್ತಿರೋ ಔಷಧಿಗಳನ್ನ.

ನಮ್ಮೂರು ಶಿರಸಿ ಹತ್ರ, ಕೆಲಸ ಕಾರವಾರದಲ್ಲಿ. ಅಪ್ಪ, ಚಿಕ್ಕಪ್ಪ, ಸೋದರಮಾವ ಎಲ್ರದ್ದೂ ನಲವತ್ತರೊಳಗೆ ನೆತ್ತಿ ಖಾಲಿ, ನಂದು ಇಪ್ಪತ್ತೈದಕ್ಕೇ ಶುರು ಆಗಿತ್ತು. ಎಫ್‌ಯುಇ ಮಾಡಿಸಿದ್ದು, ಅಂದ್ರೆ ಹಿಂಭಾಗದಿಂದ ಒಂದೊಂದೇ ಬೇರು ತೆಗೆದು ಮುಂದೆ ನೆಡೋದು. ಹೀಗೆ ತೆಗೆದು ನೆಡೋ ತುಣುಕಿಗೆ ಗ್ರಾಫ್ಟ್ ಅಂತಾರೆ, ಒಂದೊಂದರಲ್ಲಿ 1ರಿಂದ 4 ಕೂದಲು ಇರತ್ತೆ. ನೆಟ್ಟ ಕೂದಲು ಮೊದಲ ಒಂದೆರಡು ತಿಂಗಳಲ್ಲಿ ಉದುರಿ ಹೋಗತ್ತೆ, ಮೂರ್ನಾಕು ತಿಂಗಳಿಗೆ ಮತ್ತೆ ಚಿಗುರತ್ತೆ, ಪೂರ್ತಿ ರಿಸಲ್ಟ್ ನೋಡೋಕೆ ವರ್ಷ, ಕೆಲವ್ರಿಗೆ ಒಂದೂವರೆ ವರ್ಷ ಬೇಕು. ಇದನ್ನೆಲ್ಲ ಕ್ಲಿನಿಕ್‌ನವ್ರು ಚೆನ್ನಾಗೇ ಹೇಳಿದ್ರು, ಹಾಗೇ ಆಯ್ತು ಕೂಡ. ರಿಸಲ್ಟ್ ಬಗ್ಗೆ ನಂದು ಕಂಪ್ಲೇಂಟ್ ಇಲ್ಲ.

ಕಂಪ್ಲೇಂಟ್ ಇರೋದು ಅವ್ರು ಹೇಳದೇ ಬಿಟ್ಟ ವಿಷ್ಯದ ಬಗ್ಗೆ. ಡಿಸ್ಚಾರ್ಜ್ ಚೀಟಿಲಿ ಕೆಲವು ತಿಂಗಳು ಹಚ್ಚೋಕೆ ಒಂದು ಲೋಷನ್ ಬರ್ದಿದ್ರು, ಅದು ಮುಗಿದ್ಮೇಲೆ ಏನು ಅಂತ ಒಂದು ಸಾಲೂ ಇರ್ಲಿಲ್ಲ. ಫೋನ್ ಮಾಡಿ ಕೇಳಿದಾಗ "ಸರ್, ನೆಟ್ಟ ಕೂದಲು ಪರ್ಮನೆಂಟ್" ಅಂದ್ರು. ಅದು ಬಹುಪಾಲು ನಿಜಾನೇ, ಆದ್ರೆ ಅರ್ಧ ಮಾತು. ಹಿಂದೆ ಕಿವಿಯಿಂದ ಕಿವಿವರೆಗೆ ಇರೋ ಪಟ್ಟಿಯ ಕೂದಲಿಗೆ ಡಿಎಚ್‌ಟಿ ಅನ್ನೋ, ನೆತ್ತಿ ಕೂದಲನ್ನ ಸಣ್ಣ ಮಾಡಿ ಉದುರಿಸೋ ಹಾರ್ಮೋನನ್ನ ತಡ್ಕೊಳ್ಳೋ ಗುಣ ಇರತ್ತೆ, ಬೇರೆ ಕಡೆ ನೆಟ್ರೂ ಆ ಗುಣ ಜೊತೆಗೇ ಹೋಗತ್ತೆ, ಇದನ್ನ 1959ರಲ್ಲೇ ನಾರ್ಮನ್ ಓರೆಂಟ್ರೈಕ್ ಅನ್ನೋ ಅಮೆರಿಕದ ಚರ್ಮವೈದ್ಯರು ತೋರಿಸಿ ಕೊಟ್ಟಿದ್ರು. ಆದ್ರೆ ನೆಟ್ಟ ಕೂದಲಿನ ಮಧ್ಯೆ, ಹಿಂದೆ ಮೊದಲಿಂದಲೇ ಇದ್ದ ನಮ್ಮ ಹಳೇ ಕೂದಲಿಗೆ ಆ ಗುಣ ಇಲ್ಲವಲ್ಲ. ಅಡಿಕೆ ತೋಟದಲ್ಲಿ ಸತ್ತ ಮರದ ಜಾಗಕ್ಕೆ ಹೊಸ ಸಸಿ ಇಟ್ಟ ಮಾತ್ರಕ್ಕೆ ಪಕ್ಕದ ಮರಕ್ಕೆ ಹತ್ತಿದ ರೋಗ ನಿಲ್ಲತ್ತಾ? ಸರ್ಜರಿ ಖಾಲಿ ಜಾಗ ತುಂಬತ್ತೆ, ಉದುರೋದನ್ನ ನಿಲ್ಲಿಸೋ ಕೆಲಸ ಔಷಧಿದು, ಇದನ್ನ ಸರ್ಜರಿಗೆ ಮುಂಚೆ ಕೂರ್ಸಿ ಹೇಳೋದು ಕ್ಲಿನಿಕ್‌ನವ್ರ ಕರ್ತವ್ಯ ಅಂತ ನಾನು ಈಗಲೂ ಹೇಳ್ತೀನಿ.

ಹಾಗಾಗಿ ನಂಗೆ ಆಗಿದ್ದೇನಂದ್ರೆ ಮುಂದಿನ ಸಾಲು ದಟ್ಟವಾಗಿ ನಿಂತಿದೆ, ಅದರ ಹಿಂದೆ ನೆತ್ತಿ ತೆಳ್ಳಗಾಗ್ತಾ ಬಂತು. ಕನ್ನಡಿಲಿ ಎದುರಿಂದ ನೋಡಿದ್ರೆ ಏನೂ ಗೊತ್ತಾಗಲ್ಲ, ಸಂಜೆ ಕಾರವಾರದ ಟಾಗೋರ್ ಬೀಚಲ್ಲಿ ಗಾಳಿ ಬೀಸಿದ್ರೆ ಎಲ್ಲ ಕಾಣತ್ತೆ. ಆ ಗಾಳಿಗೆ ಹೆದರಿ ಎಷ್ಟೋ ದಿನ ಬೀಚ್ ಕಡೆ ಹೋಗೋದನ್ನೇ ಬಿಟ್ಟಿದ್ದೆ, ಮಗಳು ಕರೆದ್ರೂ ಏನಾದ್ರೂ ನೆಪ.

ಇದೇ ಟೈಮಲ್ಲಿ ಮಳೆಗಾಲದಲ್ಲಿ ಡೆಂಗ್ಯೂ ಬಂತು. ಜ್ವರ ಬಿಟ್ಟು ಎರಡು ಮೂರು ತಿಂಗಳಿಗೆ ಕೂದಲು ಕೈಗೆ ಕೈಗೇ ಬರೋಕೆ ಶುರು ಆಯ್ತು, ನೆಟ್ಟ ಕೂದಲೂ ಸೇರಿ. ಆಗ ಹುಬ್ಬಳ್ಳಿಲಿ ಒಬ್ರು ಚರ್ಮದ ಡಾಕ್ಟರ್ ಹತ್ರ ಹೋದೆ. ಆ ಮೇಡಂ ಡರ್ಮೋಸ್ಕೋಪ್ (ಚರ್ಮ, ಕೂದಲನ್ನ ದೊಡ್ಡದಾಗಿ ತೋರಿಸೋ ಮಸೂರದ ಉಪಕರಣ) ಇಟ್ಟು ನೆತ್ತಿ, ಹಿಂಭಾಗ ಎರಡೂ ನೋಡಿ, ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಂಶ), ಥೈರಾಯ್ಡ್, ವಿಟಮಿನ್ ಡಿ ಟೆಸ್ಟ್ ಬರ್ದು, ಆಮೇಲೆ ಹೇಳಿದ್ದು ಇಲ್ಲಿ ಎರಡು ಬೇರೆ ಬೇರೆ ಸಮಸ್ಯೆ ಒಟ್ಟಿಗೆ ಬಂದಿವೆ ಅಂತ. ಜ್ವರ, ಆಪರೇಷನ್, ತೂಕ ಇಳಿಯೋದು ಇಂಥದ್ದರಿಂದ ಉದುರೋದು ಟೆಲೋಜೆನ್ ಎಫ್ಲುವಿಯಂ, ಅದು ಇಡೀ ತಲೆಯಿಂದ ಉದುರತ್ತೆ, ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗೇ ಕಮ್ಮಿ ಆಗಿ ಮತ್ತೆ ಬೆಳೆಯತ್ತೆ. ವಂಶದಿಂದ ಬಂದಿದ್ದು ಹಾಗಲ್ಲ, ಅಲ್ಲಿ ಕೂದಲು ಒಂದೇ ಸಲ ಉದುರೋದಕ್ಕಿಂತ ವರ್ಷ ವರ್ಷ ಸಣ್ಣ ಆಗ್ತಾ ಹೋಗತ್ತೆ, ಒಂದೇ ಜಾಗದಲ್ಲಿ ದಪ್ಪ ಕೂದಲು, ನೂಲಿನಷ್ಟು ಸಣ್ಣ ಕೂದಲು ಎರಡೂ ಕಾಣತ್ತೆ. ಸ್ಕ್ರೀನ್ ಮೇಲೆ ಅದನ್ನ ತೋರಿಸಿದ್ರು. ನಿಜ ಹೇಳ್ತೀನಿ, ಎಷ್ಟೋ ತಿಂಗಳ ನಂತರ ಆ ದಿನ ರಾತ್ರಿ ಸರಿ ನಿದ್ದೆ ಬಂತು, ಕಾರಣ ಗೊತ್ತಾದ್ರೆ ಮನಸ್ಸಿಗೆ ಅಷ್ಟು ಹಗುರ ಆಗತ್ತೆ. ನಿಮಗೂ ಮತ್ತೆ ಉದುರ್ತಿದ್ರೆ ಔಷಧಿ ಅಂಗಡಿಗೆ ಓಡೋ ಮುಂಚೆ ಈ ಪರೀಕ್ಷೆ ಮಾಡ್ಸಿ.

ಈಗ ಮಿನಾಕ್ಸಿಡಿಲ್ ವಿಷ್ಯ. 5% ಲೋಷನ್, ದಿನಕ್ಕೆ ಎರಡು ಸಲ 1 ಎಂಎಲ್, 60 ಎಂಎಲ್ ಬಾಟ್ಲಿ ಸರಿಯಾಗಿ ಒಂದು ತಿಂಗಳು. ಇದು ಮೊದಲು ಬಿಪಿ ಮಾತ್ರೆ ಆಗಿತ್ತು, ತಗೊಂಡವ್ರಿಗೆ ಮೈಮೇಲೆಲ್ಲ ಕೂದಲು ಬೆಳೆದಿದ್ದು ನೋಡಿ ತಲೆಗೆ ಹಚ್ಚೋ ಔಷಧಿ ಮಾಡಿದ್ರು, 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಶುರು ಮಾಡಿದ ಮೊದಲ ಕೆಲವು ವಾರ ಇನ್ನೂ ಜಾಸ್ತಿ ಉದುರತ್ತೆ, ಹಳೇ ಕೂದಲನ್ನ ತಳ್ಳಿ ಹೊಸದು ಬರೋ ಹಂತ ಅದು, ತುಂಬಾ ಜನ ಅಲ್ಲೇ ಹೆದರಿ ಬಿಡ್ತಾರೆ. ನಾಕರಿಂದ ಆರು ತಿಂಗಳು ಆಗದೆ ಕೆಲಸ ಮಾಡ್ತಿದ್ಯೋ ಇಲ್ವೋ ಹೇಳೋಕಾಗಲ್ಲ. ನಂಗೆ ನೆತ್ತಿಲಿ ಒಳ್ಳೇ ಗುಣ ಕಂಡಿದೆ, ಮೊದಲಿನಷ್ಟಲ್ಲ, ಆದ್ರೆ ಮೇಲಿಂದ ತೆಗೆದ ಹಳೇ ಫೋಟೋ ಇಟ್ಟು ನೋಡಿದ್ರೆ ವ್ಯತ್ಯಾಸ ಖಂಡಿತ ಇದೆ.

ಕಷ್ಟ ಅಂದ್ರೆ ನಮ್ಮ ಕಡೆ ಹವೆ. ಒಣ ತಲೆಗೆ ಹಚ್ಚಬೇಕು, ಹಚ್ಚಿದ್ಮೇಲೆ ನಾಕು ತಾಸು ತೊಳೀಬಾರ್ದು ಅಂತಾರೆ. ಕಾರವಾರದಲ್ಲಿ ಏಪ್ರಿಲ್ ಮೇ ಬೆವರು, ಶಿರಸಿಲಿ ಜೂನಿಂದ ಸೆಪ್ಟೆಂಬರ್ ಮಳೆ, ಬೈಕಲ್ಲಿ ಆಫೀಸಿಗೆ ಹೋಗೋದ್ರೊಳಗೆ ಹೆಲ್ಮೆಟ್ ಒಳಗೆ ಎಲ್ಲ ಅಂಟು. ಜೊತೆಗೆ ಔಷಧಿ ಕರಗಿಸೋಕೆ ಲೋಷನ್‌ನಲ್ಲಿ ಹಾಕೋ ಪ್ರೊಪಿಲೀನ್ ಗ್ಲೈಕಾಲ್ ಅನ್ನೋ ದ್ರವದಿಂದ ನಂಗೆ ತುರಿಕೆ, ಹೊಟ್ಟು ಏಳೋದು ಆಯ್ತು, ಡಾಕ್ಟರ್ ಫೋಮ್‌ಗೆ ಬದಲಿಸಿದ್ರು, ಅದರಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಇರಲ್ಲ, ಬೇಗ ಒಣಗತ್ತೆ, ರೇಟ್ ಜಾಸ್ತಿ. ಈಗ ಬೆಳಿಗ್ಗೆ ಎದ್ದ ಕೂಡ್ಲೆ ಒಂದ್ಸಲ, ರಾತ್ರಿ ಊಟಕ್ಕೆ ಮುಂಚೆ ಒಂದ್ಸಲ, ಮಲಗೋ ಹೊತ್ತಿಗೆ ಒಣಗಿರತ್ತೆ.

ಇನ್ನೊಂದು ಮಾತು, ಮನೇಲಿ ಬೆಕ್ಕು ಇದ್ರೆ ದಯವಿಟ್ಟು ಗಮನ ಕೊಡಿ. ಮಿನಾಕ್ಸಿಡಿಲ್ ಬೆಕ್ಕಿಗೆ ವಿಷ, ಸ್ವಲ್ಪ ನೆಕ್ಕಿದ್ರೂ ಜೀವಕ್ಕೆ ಅಪಾಯ. ನಮ್ಮ ಊರ ಮನೇಲಿ ಬೆಕ್ಕು ರಾತ್ರಿ ದಿಂಬಿನ ಮೇಲೇ ಬಂದು ಮಲಗತ್ತೆ, ಹಾಗಾಗಿ ಊರಿಗೆ ಹೋದಾಗ ಕೋಣೆ ಬಾಗಿಲು ಹಾಕಿ ಮಲಗ್ತೀನಿ, ದಿಂಬಿನ ಕವರ್ ನಾನೇ ಬೇರೆ ತೊಳೀತೀನಿ, ಬಾಟ್ಲಿ ಬೀರುವಿನೊಳಗೆ. ಈ ವಿಷ್ಯ ಅಂಗಡಿಲಿ ಯಾರೂ ಹೇಳಲ್ಲ, ಹಳ್ಳಿ ಮನೆಗಳಲ್ಲಿ ಬೆಕ್ಕು ಇಲ್ದೇ ಇರೋದೇ ಕಮ್ಮಿ.

ಫಿನಾಸ್ಟರೈಡ್ 1 ಎಂಜಿ ದಿನಕ್ಕೊಂದು ಮಾತ್ರೆ. ಗಂಡಸರ ಕೂದಲು ಉದುರೋದಕ್ಕೆ ಅಂತ 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು. ಟೆಸ್ಟೋಸ್ಟೆರಾನನ್ನ ಡಿಎಚ್‌ಟಿ ಆಗಿ ಬದಲಾಯ್ಸೋ ಕಿಣ್ವವನ್ನ ತಡೆಯತ್ತೆ, ರಕ್ತದಲ್ಲಿ ಡಿಎಚ್‌ಟಿ ಮೂರರಲ್ಲಿ ಎರಡು ಪಾಲು ಇಳಿಯತ್ತೆ. ನನ್ನ ಮಟ್ಟಿಗೆ ಉದುರೋದನ್ನ ನಿಲ್ಲಿಸಿದ್ದು ಇದೇ, ಲೋಷನ್‌ಗಿಂತ ಇದಕ್ಕೆ ನಾನು ಜಾಸ್ತಿ ಮಾರ್ಕ್ಸ್ ಕೊಡೋದು. ಆದ್ರೆ ಇದನ್ನ ಗೆಳೆಯ ಹೇಳಿದ ಅಂತ ತಾವಾಗೇ ತಗೊಳ್ಳೋ ಮಾತ್ರೆ ಅಲ್ಲ. ಲೈಂಗಿಕ ಆಸಕ್ತಿ ಕಮ್ಮಿ ಆಗೋದು, ಆ ತರದ ತೊಂದ್ರೆ ಕಂಪನಿಯ ಟ್ರಯಲ್‌ನಲ್ಲಿ 3.8% ಜನಕ್ಕೆ ಬಂದಿತ್ತು, ಹೋಲಿಸಿ ನೋಡೋಕೆ ಔಷಧಿ ಇಲ್ಲದ ಖಾಲಿ ಮಾತ್ರೆ ತಗೊಂಡವ್ರಲ್ಲಿ 2.1%. ಕಮ್ಮಿ ಅನ್ಸತ್ತೆ, ಬಂದವ್ರಿಗೆ ಅದು ಕಮ್ಮಿ ಅಲ್ಲ, ಕೆಲವ್ರಿಗೆ ಬಿಟ್ಟ ಮೇಲೂ ಉಳಿದಿದೆ ಅಂತ ವರದಿಗಳಿವೆ. 2025ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಈ ಮಾತ್ರೆಯಿಂದ ಆತ್ಮಹತ್ಯೆ ಯೋಚನೆ ಬರೋ ಸಾಧ್ಯತೆ ಇದೆ ಅಂತ ಖಚಿತ ಮಾಡಿ ಎಚ್ಚರಿಕೆ ಬಲಪಡಿಸಿದೆ. ಮೊದಲೇ ಮನಸ್ಸು ಕುಗ್ಗಿರೋರು, ಡಿಪ್ರೆಷನ್ ಇದ್ದೋರು ಅದನ್ನ ಡಾಕ್ಟರ್‌ಗೆ ಮುಚ್ಚಿಡದೆ ಹೇಳಬೇಕು, ಮಾತ್ರೆ ಶುರು ಮಾಡಿದ್ಮೇಲೆ ಮನಸ್ಸು ಭಾರ ಅನ್ಸಿದ್ರೆ ನಿಲ್ಸಿ ಕೂಡ್ಲೆ ಡಾಕ್ಟರ್ ಹತ್ರ ಹೋಗ್ಬೇಕು. ನಾನು ಹೆಂಡತಿಗೆ ಮೊದಲೇ ಎಲ್ಲ ಹೇಳಿ, ನನ್ನ ಸ್ವಭಾವದಲ್ಲಿ ಬದಲಾವಣೆ ಕಂಡ್ರೆ ನೀನೇ ಹೇಳು ಅಂತ ಶುರು ಮಾಡಿದೆ. ನಂಗೆ ತೊಂದ್ರೆ ಆಗಿಲ್ಲ.

ಮನೆ ಮಂದಿ ವಿಷ್ಯದಲ್ಲಿ ಇನ್ನೂ ಎರಡು ಮೂರು ಎಚ್ಚರಿಕೆ. ಬಸುರಿ ಹೆಂಗಸರು ಒಡೆದ, ಪುಡಿಯಾದ ಫಿನಾಸ್ಟರೈಡ್ ಮುಟ್ಟಬಾರ್ದು, ಗಂಡು ಮಗುವಿನ ಬೆಳವಣಿಗೆಗೆ ತೊಂದ್ರೆ ಆಗ್ಬಹುದು. ನಮ್ಮ ಕೂಡು ಕುಟುಂಬದಲ್ಲಿ ಅಜ್ಜಿ ಬಿಪಿ ಮಾತ್ರೆಯಿಂದ ಹಿಡಿದು ಎಲ್ಲರದ್ದೂ ಒಂದೇ ಸ್ಟೀಲ್ ಡಬ್ಬಿಲಿ ಇರತ್ತೆ, ತಂಗಿ ಬಾಣಂತನಕ್ಕೆ ಬಂದಾಗಿಂದ ನನ್ನದನ್ನ ಬೇರೆ ಇಟ್ಟಿದೀನಿ. ರಕ್ತದಾನ ಮಾಡೋರು ಈ ಮಾತ್ರೆ ತಗೊಳ್ತಿದೀನಿ ಅಂತ ಕ್ಯಾಂಪಲ್ಲಿ ಹೇಳ್ಲೇಬೇಕು. ಐವತ್ತು ದಾಟಿದವ್ರು ಪಿಎಸ್‌ಎ ಅನ್ನೋ, ಪ್ರಾಸ್ಟೇಟ್ ಗ್ರಂಥಿಯ ರಕ್ತ ಟೆಸ್ಟ್ ಮಾಡಿಸಿದ್ರೆ ಈ ಮಾತ್ರೆಯಿಂದ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದು ಕಾಣತ್ತೆ, ಡಾಕ್ಟರ್‌ಗೆ ಗೊತ್ತಿಲ್ದಿದ್ರೆ ಪ್ರಾಸ್ಟೇಟ್ ಕಾಯಿಲೆ ತಪ್ಪಿ ಹೋಗ್ಬಹುದು.

ಎರಡೂ ಔಷಧಿ ನಿಲ್ಸಿದ್ರೆ ಸಿಕ್ಕಿದ್ದೆಲ್ಲ ಕೆಲವು ತಿಂಗಳಿಂದ ವರ್ಷದೊಳಗೆ ವಾಪಸ್ ಹೋಗತ್ತೆ. ಫೋಮ್, ಮಾತ್ರೆ ಸೇರಿ ತಿಂಗಳಿಗೆ ನಂಗೆ ಸಾವಿರಕ್ಕಿಂತ ಮೇಲೇ ಆಗತ್ತೆ, ಟ್ರಾನ್ಸ್‌ಪ್ಲಾಂಟ್ ಯೋಚನೆ ಮಾಡ್ತಿರೋ ಹುಡುಗ್ರು ಈ ಖರ್ಚನ್ನೂ ಲೆಕ್ಕಕ್ಕೆ ಹಿಡೀಬೇಕು.

ಉಳಿದಿದ್ದು ಬೇಗ ಹೇಳ್ತೀನಿ. ಪಿಆರ್‌ಪಿ, ನಮ್ಮದೇ ರಕ್ತದ ಪ್ಲಾಸ್ಮಾ ತಲೆಗೆ ಚುಚ್ಚೋದು, ಕೆಲವು ಸಲ ಮಾಡಿಸಿದೆ, ನಂಗೆ ಹೇಳಿಕೊಳ್ಳೋ ಗುಣ ಕಾಣ್ಲಿಲ್ಲ, ನೋವು ಮತ್ತು ಹುಬ್ಬಳ್ಳಿ ಓಡಾಟ ಜಾಸ್ತಿ. ಬಯೋಟಿನ್ ಮಾತ್ರೆ ಕೊರತೆ ಇದ್ರೆ ಮಾತ್ರ ಉಪಯೋಗ, ಮೇಲಾಗಿ ಅದು ಥೈರಾಯ್ಡ್ ಟೆಸ್ಟ್ ರಿಪೋರ್ಟನ್ನೇ ಏರುಪೇರು ಮಾಡತ್ತೆ, ರಕ್ತ ಕೊಡೋ ಮುಂಚೆ ಲ್ಯಾಬಲ್ಲಿ ಹೇಳಿ. ಅಮ್ಮ ಗರುಗದ ಸೊಪ್ಪು, ದಾಸವಾಳ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಭಾನುವಾರ ಹಚ್ಚತಾಳೆ, ತಲೆ ತಂಪಾಗತ್ತೆ, ಕೂದಲು ಒರಟಾಗಲ್ಲ, ಬೇರು ಬದುಕಿಸೋ ಶಕ್ತಿ ಅದಕ್ಕಿಲ್ಲ, ಆದ್ರೂ ಅದನ್ನ ನಾನು ಯಾವತ್ತೂ ಬೇಡ ಅನ್ನಲ್ಲ. ಹೇರ್ ಫೈಬರ್ ಪುಡಿ ಮದ್ವೆ ಮುಂಜಿಗೆ ಒಣ ಹವೇಲಿ ಚೆನ್ನಾಗಿ ಕೂರತ್ತೆ, ಕರಾವಳಿ ಬೆವರಿಗೆ, ಮಳೆಗೆ ಮುದ್ದೆ ಆಗತ್ತೆ.

ಜನರ ಮಾತು ಇದ್ದೇ ಇರತ್ತೆ. ಮಾರಿಕಾಂಬೆ ಜಾತ್ರೆಲಿ ನೆಂಟರೊಬ್ರು ಎಲ್ಲರೆದುರು "ಅಷ್ಟ್ ದುಡ್ ಸುರಿದು ಮತ್ತೆ ಹಂಗೇ ಆತಲ ಮಾರಾಯ" ಅಂದ್ರು. ಆವತ್ತು ತುಂಬಾ ಬೇಜಾರಾಗಿತ್ತು, ತೇರಿನ ಹತ್ರಾನೂ ಹೋಗದೆ ಮನೆಗೆ ಬಂದೆ. ಹೆಂಡತಿ ಏನೂ ಸಮಾಧಾನ ಹೇಳ್ಲಿಲ್ಲ, "ನಿಮಗೆ ಇದು ಇಷ್ಟು ಮುಖ್ಯ ಅಂದ್ರೆ ಸರಿ ಮಾಡ್ಸೋಣ, ಆದ್ರೆ ಮಗಳ ಜೊತೆ ಬೀಚಿಗೆ ಹೋಗೋದನ್ನ ಅದಕ್ಕೆ ಕಟ್ಟಬೇಡಿ" ಅಂದ್ಲು. ಅದನ್ನ ಕೇಳಿದ್ಮೇಲೆ ಒಂದು ಗಟ್ಟಿ ಮಾಡ್ಕೊಂಡೆ, ಔಷಧಿ ಹಚ್ಚೋದು ದಿನಾ, ಫೋಟೋ ತೆಗೆದು ನೋಡೋದು ಮೂರು ತಿಂಗಳಿಗೊಮ್ಮೆ, ಅದರ ಮಧ್ಯೆ ಕನ್ನಡಿ ಮುಂದೆ ಟಾರ್ಚ್ ಹಿಡ್ಕೊಂಡು ನಿಲ್ಲೋದಿಲ್ಲ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರತ್ತೆ, ಅದನ್ನ ಎಣಿಸ್ತಾ ಕೂತ್ರೆ ಬದುಕು ಅಲ್ಲೇ ನಿಂತು ಹೋಗತ್ತೆ.

ಎರಡನೇ ಸರ್ಜರಿ ಬಗ್ಗೆ ತುಂಬಾ ಜನ ಕೇಳ್ತಾರೆ. ಹಿಂಭಾಗದ ಕೂದಲು ಬ್ಯಾಂಕ್ ಖಾತೆಯಂತೆ ಮತ್ತೆ ತುಂಬೋದಲ್ಲ, ತೆಗೆದ ಬೇರು ಅಲ್ಲಿ ಮತ್ತೆ ಹುಟ್ಟಲ್ಲ, ಮಿತಿ ಮೀರಿ ತೆಗೆದ್ರೆ ಹಿಂಭಾಗಾನೇ ತೇಪೆ ತೇಪೆಯಾಗಿ ಕಾಣತ್ತೆ. ಹಾಗಾಗಿ "ಇವತ್ತೇ ಬುಕ್ ಮಾಡಿದ್ರೆ ಡಿಸ್ಕೌಂಟ್" ಅನ್ನೋ ಕಡೆ ಹೋಗಬೇಡಿ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಈ ಸರ್ಜರಿಯನ್ನ ತರಬೇತಿ ಪಡೆದ ವೈದ್ಯರೇ ಮಾಡ್ಬೇಕು, ವಿಡಿಯೋ ನೋಡಿ ಕಲಿತವ್ರು ಮಾಡಬಾರ್ದು ಅಂತ ಮಾರ್ಗಸೂಚಿ ಕೊಟ್ಟಿದೆ, ಹೋದ ಕಡೆ ಬೇರು ತೆಗೆಯೋರು ಯಾರು, ನೆಡೋರು ಯಾರು, ಡಾಕ್ಟರ್ ಎಷ್ಟು ಹೊತ್ತು ಕೋಣೇಲಿ ಇರ್ತಾರೆ, ಹಿಂಭಾಗದಲ್ಲಿ ಇನ್ನೆಷ್ಟು ಗ್ರಾಫ್ಟ್ ತೆಗೀಬಹುದು ಅಂತ ಬಾಯಿ ಬಿಟ್ಟು ಕೇಳಿ. ನಮ್ಮ ಮೇಡಂ ಹೇಳಿರೋದು ಔಷಧಿಲಿ ಕನಿಷ್ಠ ಒಂದು ವರ್ಷ ಉದುರೋದು ಸ್ಥಿರವಾಗಿರ್ಬೇಕು, ಆಮೇಲೆ ನೆತ್ತಿಗೆ ಬೇಕಾದ್ರೆ ಸ್ವಲ್ಪ ನೆಡೋಣ, ಹಿಂಭಾಗದಲ್ಲಿ ಒಂದಷ್ಟನ್ನ ಐವತ್ತರ ವಯಸ್ಸಿಗೆ ಅಂತ ಉಳಿಸೋಣ ಅಂತ. ಈ ಮಳೆಗಾಲ ಕಳೆದು ದೀಪಾವಳಿ ಹೊತ್ತಿಗೆ ಮತ್ತೆ ಡರ್ಮೋಸ್ಕೋಪಲ್ಲಿ ನೋಡಿ ಹೇಳ್ತಾರೆ, ಅಲ್ಲಿವರೆಗೆ ಫೋಮ್, ಮಾತ್ರೆ ಎರಡೂ ಮುಂದುವರಿಸ್ತೀನಿ.