ಹೇಳಿ ಮಾಡಿಸುವ ಗಿಟಾರ್: ಮೇಲ್ಹಲಗೆ ಸ್ಪ್ರೂಸೋ, ಸೀಡರೋ?

ಸ್ಪ್ರೂಸ್, ಸೀಡರ್ ಎಂಬ ಎರಡು ಮರಗಳಲ್ಲಿ ಯಾವುದರಿಂದ ಮೇಲ್ಹಲಗೆ (ತಂತಿಗಳ ಕೆಳಗಿರುವ ಮುಂಭಾಗದ ಹಲಗೆ) ಮಾಡಿಸಬೇಕು ಎಂದು ನೀವು ಕೇಳಿರುವುದು ಸರಿಯಾದ ಪ್ರಶ್ನೆ. ಗಿಟಾರ್‌ನ ನಾದದ ಬಹುಪಾಲು ಹುಟ್ಟುವುದೇ ಮೇಲ್ಹಲಗೆಯಲ್ಲಿ.

ಸೀಡರ್ ಮೃದು, ಹಗುರ. ಬೆರಳು ಮೆಲ್ಲನೆ ಸೋಕಿದರೂ ಮೊದಲ ದಿನದಿಂದಲೇ ಬೆಚ್ಚನೆಯ ದನಿ ಕೊಡುತ್ತದೆ, ನನಗೆ ಅದೇ ಹೆಚ್ಚು ಇಷ್ಟ. ಆದರೆ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹಿಡಿದು ಜೋರಾಗಿ ಬಾರಿಸಿದರೆ ಸ್ವರಗಳು ಕಲಸಿಹೋಗುತ್ತವೆ. ಸ್ಪ್ರೂಸ್‌ನ ಒಂದು ಬಗೆಯಾದ ಸಿಟ್ಕಾ ಸ್ಪ್ರೂಸ್ ಆ ಹೊಡೆತವನ್ನು ತಾಳಿಕೊಂಡು ಸ್ಪಷ್ಟವಾಗಿ ಉಳಿಯುತ್ತದೆ. ಅದರ ನಾದ ಪೂರ್ತಿ ಪಳಗಲು ವರ್ಷಗಳು ಬೇಕೆನ್ನುತ್ತಾರೆ ವಾದಕರು.

ಬಾಳಿಕೆಯಲ್ಲಿ ಸ್ಪ್ರೂಸ್ ಮುಂದು, ಸೀಡರ್ ಮೇಲೆ ಉಗುರು ತಾಗಿದರೂ ಗುರುತು ಬೀಳುತ್ತದೆ. ಬೆಲೆಯನ್ನು ಹಲಗೆಗಿಂತ ಕೈಕೆಲಸವೇ ನಿರ್ಧರಿಸುತ್ತದೆ. ಎರಡಕ್ಕೂ ಗಾಳಿಯಲ್ಲಿ ಸುಮಾರು ಶೇ 50ರ ತೇವಾಂಶ ಹಿತ. ಮಂಗಳೂರಿನ ಮಳೆಗಾಲದಲ್ಲಿ ಗಿಟಾರ್ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಇರಲಿ.

ಮನೆಯಲ್ಲಿ ಬೆರಳಿನಿಂದ ನುಡಿಸುವವರಿಗೆ ಸೀಡರ್. ಹಾಡುಗಾರರ ಜೊತೆ ಪಿಕ್‌ನಿಂದ ನುಡಿಸುತ್ತ ಊರೂರು ಸುತ್ತುವವರಿಗೆ ಸ್ಪ್ರೂಸ್. ಎರಡೂ ರೂಢಿಯಿದ್ದರೆ ಮೊದಲು ತಯಾರಕರ ಎದುರು ಕುಳಿತು ನುಡಿಸಿ ತೋರಿಸಿ. ಮುಂಗಡ ಆಮೇಲೆ ಕೊಡಿ.