ಕಾಮೆಟ್ ಅಸ್ಸೇ ಕಿಟ್: ದೀರ್ಘಕಾಲ ಬಳಸಿದ ಮೇಲಿನ ಅಭಿಪ್ರಾಯ

ವಿಜಯಪುರದ ನಮ್ಮ ಪ್ರಯೋಗಾಲಯದಲ್ಲಿ ಕಾಮೆಟ್ ಅಸ್ಸೇ ಕಿಟ್ಟನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇವೆ. ತಿಕೋಟಾ ಭಾಗದ ದ್ರಾಕ್ಷಿ ತೋಟಗಳಲ್ಲಿ ಔಷಧಿ ಸಿಂಪಡಿಸುವ ಕಾರ್ಮಿಕರ ರಕ್ತದ ಬಿಳಿ ಕಣಗಳಲ್ಲಿ ಡಿಎನ್‌ಎಗೆ ಎಷ್ಟು ಹಾನಿಯಾಗಿದೆ ಎಂದು ಅಳೆಯುವುದಕ್ಕೆ ಇದನ್ನು ತರಿಸಿಕೊಂಡಿದ್ದೆವು. ಕೊಳ್ಳಬೇಕೆಂದಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಪೆಟ್ಟಿಗೆಯಲ್ಲಿ ಬರುವ ಸ್ಲೈಡ್‌ಗಳಿಗೆ ಕೊಟ್ಟ ಹಣ ವಸೂಲಾಗುತ್ತದೆ, ದ್ರಾವಣಗಳಿಗೆ ಕೊಟ್ಟದ್ದು ಆಗುವುದಿಲ್ಲ.

ವಿಧಾನ ಹೊಸದೇನಲ್ಲ. 1984ರಲ್ಲಿ ಓಸ್ಟ್ಲಿಂಗ್ ಮತ್ತು ಯೋಹಾನ್ಸನ್ ಇದರ ಮೊದಲ ರೂಪವನ್ನು ಪ್ರಕಟಿಸಿದರು; ಇಂದು ಹೆಚ್ಚಿನವರು ಅನುಸರಿಸುವ ಕ್ಷಾರೀಯ ರೂಪವನ್ನು 1988ರಲ್ಲಿ ಸಿಂಗ್ ಮತ್ತು ಸಂಗಡಿಗರು ಕೊಟ್ಟರು. ಕೋಶಗಳನ್ನು ಅಗರೋಸ್ ಎಂಬ ಜೆಲ್‌ನ ತೆಳುವಾದ ಪದರದಲ್ಲಿ ಹುದುಗಿಸಿ, ಉಪ್ಪು ಮತ್ತು ಡಿಟರ್ಜೆಂಟ್ ಇರುವ ಲೈಸಿಸ್ (ಕೋಶ ಒಡೆಯುವ) ದ್ರಾವಣದಲ್ಲಿ ಅವುಗಳ ಪೊರೆ ಹಾಗೂ ಪ್ರೋಟೀನುಗಳನ್ನು ತೆಗೆದು, ಪಿಎಚ್ 13ಕ್ಕಿಂತ ಹೆಚ್ಚಿರುವ ಕ್ಷಾರದಲ್ಲಿ ಡಿಎನ್‌ಎ ಎಳೆಗಳನ್ನು ಬಿಡಿಸಿ, ನಂತರ ವಿದ್ಯುತ್ ಹಾಯಿಸಿದರೆ (ಎಲೆಕ್ಟ್ರೋಫೊರೆಸಿಸ್), ಮುರಿತವಿರುವ ಕೋಶದ ಡಿಎನ್‌ಎ ಧೂಮಕೇತುವಿನ (ಕಾಮೆಟ್) ಬಾಲದಂತೆ ಹೊರಗೆ ಹರಿಯುತ್ತದೆ. ಬಾಲದಲ್ಲಿ ಶೇಕಡಾ ಎಷ್ಟು ಡಿಎನ್‌ಎ ಇದೆ ಎಂಬುದೇ ಅಳತೆ.

ಸ್ಲೈಡ್‌ಗಳ ಬಗ್ಗೆ ದೂರೇ ಇಲ್ಲ. ಗಾಜಿನ ಮೇಲೆ ನಾವೇ ಅಗರೋಸ್ ಲೇಪಿಸಿ ಒಣಗಿಸಿದ ಸ್ಲೈಡ್‌ಗಳಲ್ಲಿ ಕ್ಷಾರದ ಹಂತಕ್ಕೆ ಬರುವಷ್ಟರಲ್ಲಿ ಜೆಲ್ ಅಂಚಿನಿಂದ ಎದ್ದು ತೇಲಿಹೋಗುವುದು ಸಾಮಾನ್ಯ. ಕಿಟ್ಟಿನ ಸ್ಲೈಡ್‌ಗಳಲ್ಲಿ ಅದು ಅಪರೂಪ. ಕೂಲಿಕಾರನೊಬ್ಬ ತನ್ನ ಒಂದು ದಿನದ ದುಡಿಮೆ ಬಿಟ್ಟು ಬಂದು ಕೊಟ್ಟ ರಕ್ತದ ಮಾದರಿ ಜೆಲ್ ಜಾರಿದ ಕಾರಣಕ್ಕೆ ವ್ಯರ್ಥವಾಗಬಾರದು ಎಂಬವರಿಗೆ ಈ ಒಂದು ಗುಣವೇ ಸಾಕು.

ಲೈಸಿಸ್ ದ್ರಾವಣದ ಮಾತು ಬೇರೆ. ಅದರಲ್ಲಿರುವುದು 2.5 ಮೋಲಾರ್ ಸೋಡಿಯಂ ಕ್ಲೋರೈಡ್, 100 ಮಿಲಿಮೋಲಾರ್ ಇಡಿಟಿಎ, 10 ಮಿಲಿಮೋಲಾರ್ ಟ್ರಿಸ್. ಪಿಎಚ್ 10ಕ್ಕೆ ಹೊಂದಿಸಿ, ಬಳಸುವ ಮುನ್ನ ಟ್ರೈಟಾನ್ ಎಂಬ ಡಿಟರ್ಜೆಂಟ್ ಸೇರಿಸಿದರೆ ಮುಗಿಯಿತು. ಯಾವುದೇ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಸಿಗುವ ಈ ಸಾಮಗ್ರಿಗೆ ಕಿಟ್ಟಿನ ಬೆಲೆ ತೆರುವುದರಲ್ಲಿ ಅರ್ಥವಿಲ್ಲ. ಸಾಲದ್ದಕ್ಕೆ, ಫ್ರಿಜ್‌ನಲ್ಲಿಟ್ಟ ಬಾಟಲಿಯ ತಳದಲ್ಲಿ ಉಪ್ಪು ಹರಳುಗಟ್ಟುತ್ತದೆ. ಅದನ್ನು ಬೆಚ್ಚಗೆ ಮಾಡಿ ಪೂರ್ತಿ ಕರಗಿಸಿ, ಮತ್ತೆ ತಂಪಾಗಿಸಿದ ಮೇಲೆಯೇ ಸ್ಲೈಡ್ ಇಳಿಸಬೇಕು. ಕಿಟ್ಟಿನ ಕೈಪಿಡಿ ಇದನ್ನು ಒಂದೇ ಸಾಲಿನಲ್ಲಿ ಮುಗಿಸಿದೆ.

ನಮ್ಮ ಊರಿನ ಬಿಸಿಲಿಗೆ ಕೈಪಿಡಿಯಲ್ಲಿ ಜಾಗವೇ ಇಲ್ಲ. "ಕೋಣೆಯ ಉಷ್ಣಾಂಶದಲ್ಲಿ" ಎಂದು ಬರೆದವರ ಕೋಣೆ ಏಪ್ರಿಲ್‌ನ ವಿಜಯಪುರದಲ್ಲಿ ಇರಲಾರದು. ಕಡಿಮೆ ಉಷ್ಣಾಂಶದಲ್ಲಿ ಕರಗುವ ಅಗರೋಸ್ ಗಟ್ಟಿಯಾಗುವುದೂ ತಡ. ಕರೆಂಟ್ ಹೋಗಿ ಎಸಿ ನಿಂತ ಮಧ್ಯಾಹ್ನಗಳಲ್ಲಿ ನಮ್ಮ ಟೆಕ್ನಿಷಿಯನ್ "ಮೇಡಂರಿ, ಜೆಲ್ ಗಟ್ಟಿ ಆಗವಲ್ದು" ಎಂದು ಸ್ಲೈಡ್ ಹಿಡಿದುಕೊಂಡು ಬಂದು ನಿಲ್ಲುತ್ತಾರೆ. ಆಗ ಮಂಜುಗಡ್ಡೆಯ ಮೇಲೆ ಸ್ಟೀಲ್ ತಟ್ಟೆಯಿಟ್ಟು ಅದರ ಮೇಲೆ ಸ್ಲೈಡ್ ಜೋಡಿಸುವುದೇ ದಾರಿ. ಅದಕ್ಕಿಂತ ಗಂಭೀರವಾದದ್ದು ಕ್ಷಾರದ ಹಂತ. ಉಷ್ಣಾಂಶ ಏರಿದಂತೆ ಎಳೆಗಳು ಬಿಡಿಸಿಕೊಳ್ಳುವ ವೇಗವೂ, ಕ್ಷಾರಕ್ಕೆ ದುರ್ಬಲವಾದ ತಾಣಗಳು ಮುರಿತಗಳಾಗುವ ವೇಗವೂ ಹೆಚ್ಚುತ್ತವೆ. ಹೀಗಾಗಿ ಅದೇ ರಕ್ತ ಬೇಸಿಗೆಯಲ್ಲಿ ಹೆಚ್ಚು ಹಾನಿ ತೋರಿಸಬಹುದು. ಸೋಡಿಯಂ ಹೈಡ್ರಾಕ್ಸೈಡ್ ನೀರಿನಲ್ಲಿ ಕರಗುವಾಗ ತಾನೇ ಬಿಸಿಯಾಗುವುದರಿಂದ, ದ್ರಾವಣವನ್ನು ಮೊದಲೇ ಮಾಡಿ 4 ಡಿಗ್ರಿಗೆ ಇಳಿಸಿಟ್ಟುಕೊಂಡು, ಟ್ಯಾಂಕಿನ ಸುತ್ತಲೂ ಮಂಜುಗಡ್ಡೆ ಇಡುತ್ತೇವೆ.

ಎಲೆಕ್ಟ್ರೋಫೊರೆಸಿಸ್ ಟ್ಯಾಂಕ್ ಕಿಟ್ಟಿನ ಜೊತೆ ಬರುವುದಿಲ್ಲ. 25 ವೋಲ್ಟ್, 300 ಮಿಲಿಆಂಪಿಯರ್ ಎಂಬ ಸೂಚನೆಯನ್ನು ಎಲ್ಲರೂ ಪಾಲಿಸುತ್ತಾರೆ. ಆದರೆ ಡಿಎನ್‌ಎಯನ್ನು ಎಳೆಯುವುದು ಸ್ಲೈಡ್ ಇರುವ ಜಾಗದಲ್ಲಿ ಪ್ರತಿ ಸೆಂಟಿಮೀಟರಿಗೆ ಸಿಗುವ ವೋಲ್ಟೇಜ್, ಮತ್ತು ಅದು ಸುಮಾರು 1 ವೋಲ್ಟ್ ಇರಬೇಕು. ಸ್ಲೈಡ್ ಮೇಲೆ ನಿಂತ ದ್ರಾವಣದ ಆಳ ಒಂದೆರಡು ಮಿಲಿಮೀಟರ್ ಬದಲಾದರೂ ಮೀಟರಿನ ಅಂಕಿ ಬದಲಾಗುತ್ತದೆ. ಬೇರೆ ಟ್ಯಾಂಕ್ ತಂದಾಗಲೆಲ್ಲ ಮಲ್ಟಿಮೀಟರಿನ ಕಡ್ಡಿಗಳನ್ನು ವೇದಿಕೆಯ ಎರಡೂ ತುದಿಗೆ ಇಳಿಸಿ ಅಳೆಯುವುದನ್ನು ರೂಢಿ ಮಾಡಿಕೊಳ್ಳಿ.

ಕಿಟ್ಟಿನಲ್ಲಿ ನಿಜವಾಗಿ ಇರಬೇಕಾಗಿದ್ದು, ಇಲ್ಲದೇ ಇರುವುದು ಹೋಲಿಕೆಯ ಕೋಶಗಳು. ಒಂದೇ ದಿನ ಬೇರ್ಪಡಿಸಿದ, ಬಿಳಿ ರಕ್ತಕಣಗಳ ಒಂದು ಬಗೆಯಾದ ಲಿಂಫೋಸೈಟ್‌ಗಳಲ್ಲಿ ಒಂದು ಪಾಲನ್ನು ಹಾಗೆಯೇ, ಇನ್ನೊಂದನ್ನು ಮಂಜುಗಡ್ಡೆಯ ಮೇಲೆ ಹೈಡ್ರೋಜನ್ ಪೆರಾಕ್ಸೈಡಿಗೆ ಒಡ್ಡಿ ಬೇಕೆಂದೇ ಹಾನಿ ಮಾಡಿ, ಸಣ್ಣ ಸಣ್ಣ ವಯಲ್‌ಗಳಲ್ಲಿ ಘನೀಕರಿಸಿಟ್ಟು, ಪ್ರತಿ ಸಲದ ಪ್ರಯೋಗದಲ್ಲೂ ಒಂದೊಂದನ್ನು ಸೇರಿಸುತ್ತೇವೆ. ಆ ಎರಡರ ಅಂಕಿಗಳು ರೂಢಿಯ ಮಿತಿಯೊಳಗೆ ಬಾರದಿದ್ದರೆ ಅಂದಿನ ಎಲ್ಲ ಸ್ಲೈಡ್‌ಗಳನ್ನೂ ಲೆಕ್ಕದಿಂದ ಬಿಡುತ್ತೇವೆ, ಸಂಕಟವಾದರೂ ಸರಿ.

ಎಣಿಕೆಗೆ ದುಬಾರಿ ಸಾಫ್ಟ್‌ವೇರ್ ಕಡ್ಡಾಯವಲ್ಲ. ಇಮೇಜ್‌ಜೆ ಎಂಬ ಚಿತ್ರ ಅಳೆಯುವ ತಂತ್ರಾಂಶಕ್ಕೆ ಜೋಡಿಸುವ ಓಪನ್‌ಕಾಮೆಟ್ ಉಚಿತವಾಗಿ ಸಿಗುತ್ತದೆ. ಅದೂ ಬೇಡವೆಂದರೆ 100 ಕೋಶಗಳಿಗೆ ಬಾಲ ನೋಡಿ ಕಣ್ಣಳತೆಯಿಂದ 0ರಿಂದ 4ರವರೆಗೆ ಅಂಕ ಕೊಟ್ಟು, 400ಕ್ಕೆ ಎಷ್ಟಾಯಿತು ಎಂದು ಕೂಡಬಹುದು. ಯಾರ ಸ್ಲೈಡ್ ಎಂಬುದು ಎಣಿಸುವವರಿಗೆ ತಿಳಿಯದಂತೆ ಗುರುತು ಮರೆಮಾಡಿರಬೇಕು, ಅಷ್ಟೇ.

ಬೇರೆ ವಿಧಾನಗಳನ್ನು ಕೇಳುವವರಿಗೆ: ಎರಡೂ ಎಳೆಗಳು ಒಟ್ಟಿಗೆ ತುಂಡಾದ ಜಾಗಗಳನ್ನು ಹುಡುಕುವುದಾದರೆ, 1998ರಲ್ಲಿ ಬೆಳಕಿಗೆ ಬಂದ ಗಾಮಾ ಎಚ್2ಎಎಕ್ಸ್ ಎಂಬ ಪ್ರೋಟೀನಿನ ಗುರುತು ಹೆಚ್ಚು ಸೂಕ್ಷ್ಮ. ಮುಖ್ಯ ಕೋಶಕೇಂದ್ರದ ಹೊರಗೆ ಉಳಿದ ಪುಟ್ಟ ಕೇಂದ್ರಗಳನ್ನು ಎಣಿಸುವ ಮೈಕ್ರೋನ್ಯೂಕ್ಲಿಯಸ್ ಪರೀಕ್ಷೆಗೆ ಕೋಶಗಳು ವಿಭಜನೆಯಾಗಬೇಕು. ಲಿಂಫೋಸೈಟ್‌ಗಳನ್ನು ಸಾಮಾನ್ಯವಾಗಿ 72 ಗಂಟೆ ಬೆಳೆಸಿ, 44ನೇ ಗಂಟೆಗೆ, ಕೋಶ ಎರಡಾಗಿ ಬೇರ್ಪಡುವುದನ್ನು ತಡೆಯುವ ಸೈಟೋಕಲಾಸಿನ್ ಹಾಕಬೇಕು. ನಡುವೆ ಕರೆಂಟ್ ಹೋದರೆ ಇನ್‌ಕ್ಯುಬೇಟರಿನ ಗತಿ ಏನು ಎಂದು ಯೋಚಿಸಿಯೇ ಅದಕ್ಕೆ ಕೈಹಾಕಬೇಕು. ಆದರೆ ದುರಸ್ತಿಯಾಗದೆ ಉಳಿದ ಹಾನಿಯನ್ನು ತೋರಿಸುವುದು ಅದೇ. ಕಾಮೆಟ್ ಹಿಡಿಯುವ ಮುರಿತಗಳಲ್ಲಿ ಹೆಚ್ಚಿನವನ್ನು ಕೋಶವು ಕೆಲವೇ ಗಂಟೆಗಳಲ್ಲಿ ಸರಿಪಡಿಸಿಕೊಳ್ಳುತ್ತದೆ. ಸಿಂಪಡಣೆಯಾಗಿ ವಾರ ಕಳೆದ ಮೇಲೆ ರಕ್ತ ತೆಗೆದು, ಹಾನಿಯೇ ಇಲ್ಲ ಎಂದು ವರದಿ ಬರೆಯುವಂತಿಲ್ಲ.

ಅಕ್ಟೋಬರ್ ಚಾಟ್ನಿಯ (ದ್ರಾಕ್ಷಿ ಬಳ್ಳಿ ಸವರುವುದು) ನಂತರ ಡೌನಿ ಬೂಜು ರೋಗಕ್ಕೆ ಸಿಂಪಡಣೆ ಜೋರಾಗುವುದರಿಂದ ನಮ್ಮ ಕೆಲಸವೂ ಆಗಲೇ ಹೆಚ್ಚು. ಈ ಸಲ ಪೂರ್ತಿ ಕಿಟ್ ಬಿಟ್ಟು ಸ್ಲೈಡ್‌ಗಳನ್ನಷ್ಟೇ ಬಿಡಿಯಾಗಿ ತರಿಸಿದ್ದೇವೆ. ಕಿಟ್ಟಿಗೆ ಐದರಲ್ಲಿ ಮೂರು ನಕ್ಷತ್ರ, ಸ್ಲೈಡ್‌ಗಳಿಗೆ ಐದಕ್ಕೆ ಐದು.